ಜೌಗುಪ್ರದೇಶದಲ್ಲಿ ಕಳೆ ನಿರ್ವಹಣೆ: ಭರತಪುರ ಕಲಿಸಿದ ಪಾಠ

ಪಕ್ಷಿಧಾಮದ ಕಳೆಯನ್ನು ಒಮ್ಮೆ ಕಿತ್ತುಹಾಕಿದರೆ ಸಮಸ್ಯೆ ಮುಗಿಯಿತು ಎಂಬ ಭಾವನೆ ಸಾಮಾನ್ಯ. ಇದು ಎಷ್ಟು ತಪ್ಪು ಎಂಬುದಕ್ಕೆ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನವೇ ನಿದರ್ಶನ. ಸುಮಾರು 29 ಚದರ ಕಿ.ಮೀ. ವಿಸ್ತಾರದ ಈ ಉದ್ಯಾನವು 1981ರಲ್ಲಿ ರಾಮ್ಸರ್ ತಾಣವಾಗಿಯೂ 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಗಿಯೂ ಮಾನ್ಯತೆ ಪಡೆದಿದೆ.

ಇದು ಸಂಪೂರ್ಣ ನೈಸರ್ಗಿಕ ಜೌಗು ಅಲ್ಲ. ಅಜಾನ್ ಒಡ್ಡಿನಿಂದ ಕಾಲುವೆಯ ಮೂಲಕ ನೀರು ಹರಿಸಿ, ಏರಿಗಳಿಂದ ವಿಭಾಗಿಸಿದ ತಗ್ಗುಗಳಲ್ಲಿ ನಿಲ್ಲಿಸುವ ವ್ಯವಸ್ಥೆ ಇಲ್ಲಿದೆ. ಹೀಗಾಗಿ ನೀರು, ಜಾನುವಾರು ಮತ್ತು ಮನುಷ್ಯ ಈ ಮೂರರ ಸಮತೋಲನ ತಪ್ಪಿದಾಗಲೆಲ್ಲ ಕಳೆ ತಲೆಯೆತ್ತಿದೆ.

ಎಮ್ಮೆಗಳಿಗೆ ನಿಷೇಧ

ಸುತ್ತಲಿನ ಗ್ರಾಮಸ್ಥರು ತಲೆಮಾರುಗಳಿಂದ ಎಮ್ಮೆಗಳನ್ನು ಇಲ್ಲಿ ಮೇಯಿಸುತ್ತಿದ್ದರು. ಪಕ್ಷಿಗಳಿಗೆ ತೊಂದರೆಯಾಗುತ್ತದೆಂಬ ಕಾರಣ ನೀಡಿ 1982ರ ನವೆಂಬರ್‌ನಲ್ಲಿ ಮೇಯಿಸುವಿಕೆಯನ್ನು ನಿಷೇಧಿಸಲಾಯಿತು. ಪ್ರತಿಭಟನೆ ಭುಗಿಲೆದ್ದು, ಪೊಲೀಸರ ಗೋಲಿಬಾರ್‌ನಲ್ಲಿ ಹಲವು ಗ್ರಾಮಸ್ಥರು ಮೃತಪಟ್ಟರು.

ನಂತರ ನಡೆದುದು ನಿರೀಕ್ಷೆಗೆ ವಿರುದ್ಧವಾಗಿತ್ತು. ಎಮ್ಮೆಗಳ ಬಾಯಿಗೆ ಸಿಕ್ಕು ಹತೋಟಿಯಲ್ಲಿದ್ದ ಪ್ಯಾಸ್ಪಲಮ್ ಡಿಸ್ಟಿಕಮ್ ಎಂಬ ನೀರುಹುಲ್ಲು ದಟ್ಟ ಚಾಪೆಯಂತೆ ಹಬ್ಬಿತು. ತೆರೆದ ನೀರು ಕಡಿಮೆಯಾಯಿತು. ಬಾತುಗಳಿಗೆ ಈಜುವ ಜಾಗ, ಕೊಕ್ಕರೆಗಳಿಗೆ ಮೀನು ಹಿಡಿಯುವ ಅವಕಾಶ ಕುಗ್ಗಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1980ರ ದಶಕದುದ್ದಕ್ಕೂ ನಡೆಸಿದ ಅಧ್ಯಯನವು ಜೌಗಿನ ಆರೋಗ್ಯಕ್ಕೆ ಎಮ್ಮೆಗಳು ಅಗತ್ಯವೆಂಬ ನಿರ್ಣಯಕ್ಕೆ ಬಂದಿತು. 1990ರಲ್ಲಿ ಈ ತಾಣವನ್ನು ಅಪಾಯದಲ್ಲಿರುವ ರಾಮ್ಸರ್ ತಾಣಗಳ ಮಾಂಟ್ರೋ ದಾಖಲೆಗೆ ಸೇರಿಸಲಾಯಿತು.

ನೀರಿಲ್ಲದಾಗ ಬಳ್ಳಾರಿ ಜಾಲಿ

ಎರಡನೆಯ ಶತ್ರು ಪ್ರೊಸೊಪಿಸ್ ಜೂಲಿಫ್ಲೋರಾ, ಅಂದರೆ ನಮ್ಮಲ್ಲಿ ಬಳ್ಳಾರಿ ಜಾಲಿ ಎಂದು ಪರಿಚಿತವಾಗಿರುವ ಮುಳ್ಳುಗಿಡ. ಅಮೆರಿಕ ಖಂಡ ಮೂಲದ ಈ ಗಿಡ 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಗಂಭೀರ್ ನದಿಯ ಮೇಲ್ಭಾಗದಲ್ಲಿ ಪಾಂಚನಾ ಅಣೆಕಟ್ಟೆ ನಿರ್ಮಾಣವಾದ ಬಳಿಕ, 2000ದ ದಶಕದಲ್ಲಿ ಉದ್ಯಾನಕ್ಕೆ ನೀರಿನ ಅಭಾವ ತೀವ್ರಗೊಂಡಿತು. ಒಣಗಿದ ನೆಲವನ್ನು ಜಾಲಿ ಆಕ್ರಮಿಸಿತು.

ಇದನ್ನು ಕಡಿದರೆ ಸಾಲದು. ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಅಗೆದು ತೆಗೆಯಬೇಕು. ಕಾಯಿ ತಿಂದ ಜಾನುವಾರುಗಳ ಸಗಣಿಯ ಮೂಲಕವೂ ಬೀಜ ಹರಡುವುದರಿಂದ ಎಳೆಯ ಸಸಿಗಳನ್ನು ಪ್ರತಿವರ್ಷ ಕೀಳಬೇಕಾಗುತ್ತದೆ. ಅಂದರೆ, ಹುಲ್ಲನ್ನು ಹತೋಟಿಯಲ್ಲಿಡುವ ಎಮ್ಮೆಯೇ ಜಾಲಿಯ ವಾಹಕವೂ ಆಗಬಲ್ಲದು. ಕಾಯಿ ಉದುರುವ ಕಾಲದಲ್ಲಿ ಮೇಯಿಸುವಿಕೆಗೆ ಮಿತಿ ಬೇಕಾಗುವುದು ಇದರಿಂದಲೇ.

ಭರತಪುರದಲ್ಲಿ ಜಾಲಿ ತೆರವಿಗೆ ಗ್ರಾಮಗಳ ಪರಿಸರ ಅಭಿವೃದ್ಧಿ ಸಮಿತಿಗಳ ನೆರವು ಪಡೆಯಲಾಯಿತು. ಗಿಡ ಕಿತ್ತವರಿಗೆ ಸೌದೆಯೇ ಪ್ರತಿಫಲ. ಒಂದು ಕಾಲದಲ್ಲಿ ಹೊರಗಟ್ಟಿದ್ದ ಜನರ ಸಹಕಾರವೇ ಉದ್ಯಾನಕ್ಕೆ ಅನಿವಾರ್ಯವಾದದ್ದು ಗಮನಾರ್ಹ.

ಕಳೆಗೆ ತಕ್ಕ ವಿಧಾನ

* ನೀರುಹುಲ್ಲು: ನಿಯಂತ್ರಿತ ಮೇಯಿಸುವಿಕೆ ಅಥವಾ ಕುಡುಗೋಲಿನ ಕೊಯ್ಲು, ಸಕಾಲಕ್ಕೆ ಸಾಕಷ್ಟು ನೀರು.
* ಬಳ್ಳಾರಿ ಜಾಲಿ: ಬೇರುಸಹಿತ ತೆರವು, ಮರುವರ್ಷಗಳಲ್ಲಿ ಸಸಿ ಕೀಳುವುದು.
* ವಾಟರ್ ಹಯಸಿಂತ್: ತುಂಡಿನಿಂದಲೂ ಮರುಹುಟ್ಟು ಪಡೆಯುವುದರಿಂದ ದಡದಿಂದ ದೂರ ಸಾಗಿಸಬೇಕು, ಕೊಳಚೆ ನೀರನ್ನು ತಡೆಯದೆ ಇದು ನಿಲ್ಲದು. 1980ರ ದಶಕದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಗಳೂರಿನ ಕೆರೆಗಳಲ್ಲಿ ನಿಯೋಕೆಟಿನಾ ಎಂಬ ಸೊಂಡಿಲು ಕೀಟವನ್ನು ಬಿಟ್ಟು ಯಶಸ್ಸು ಕಂಡಿತ್ತು.

ಎಲ್ಲ ಜಾಲಿಯೂ ಕಳೆಯಲ್ಲ

ತೆರವಿನ ಆತುರದಲ್ಲಿ ದೇಶೀಯ ಮರಗಳು ಬಲಿಯಾಗಬಾರದು. ಭರತಪುರದ ಕೊಕ್ಕರೆಗಳು ಗೂಡು ಕಟ್ಟುವುದು ನೀರಿನ ನಡುವಿನ ಕರಿಜಾಲಿ ಮರಗಳ ಮೇಲೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ನಮ್ಮ ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲೂ ಕೆರೆಯಂಗಳದ ಕರಿಜಾಲಿಯೇ ಹಕ್ಕಿಗಳ ಆಸರೆ. ಬಳ್ಳಾರಿ ಜಾಲಿಗೂ ಕರಿಜಾಲಿಗೂ ವ್ಯತ್ಯಾಸ ತಿಳಿಯದ ಜೆಸಿಬಿ, ಕಳೆಗಿಂತ ಹೆಚ್ಚಿನ ಹಾನಿ ಮಾಡೀತು.

ಭರತಪುರದಲ್ಲಿ ಸೈಬೀರಿಯಾದ ಬಿಳಿ ಕ್ರೌಂಚ ಕೊನೆಯ ಬಾರಿ ಕಂಡದ್ದು 2001-02ರ ಚಳಿಗಾಲದಲ್ಲಿ. ವಲಸೆ ಮಾರ್ಗದ ಬೇಟೆಯೂ ಅದರ ಕಣ್ಮರೆಗೆ ಕಾರಣ. ಆದರೆ ಅದು ಗಡ್ಡೆ ಅಗೆದು ತಿನ್ನುತ್ತಿದ್ದ ಕೆಸರಿನ ಮೇಲೆ ಹುಲ್ಲಿನ ಹೊದಿಕೆ ದಪ್ಪವಾಗುತ್ತ ಹೋದದ್ದೂ ಅಷ್ಟೇ ಸತ್ಯ. ರಾಜ್ಯದ ಪಕ್ಷಿಧಾಮಗಳ ಹೊಣೆ ಹೊತ್ತವರು ಕಳೆ ತೆರವಿನ ಟೆಂಡರ್ ಕರೆಯುವ ಮುನ್ನ, ನೀರು ಎಲ್ಲಿಂದ ಬರುತ್ತದೆ, ಕೆರೆಯನ್ನು ಈವರೆಗೆ ಬಳಸುತ್ತ ಬಂದವರು ಯಾರು ಎಂಬುದನ್ನು ಅರಿಯುವುದು ಲೇಸು.