ಚೂರುಗಳಿಂದ ಕಟ್ಟಿದ ಮಹಾನೌಕೆ

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಡೆಯಿಂದ ವಿಜಯಪುರಕ್ಕೆ ಹೊರಟವರಿಗೆ ಗೋಲಗುಂಬಜ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಬಯಲಿನ ಅಂಚಿನಲ್ಲಿ ಬೋರಲು ಹಾಕಿದ ಬೋಗುಣಿಯಂತೆ ಕಾಣುವ ಅದು ಎಷ್ಟು ದೊಡ್ಡದೆಂದು ಆಗ ಹೇಳಲಾಗದು. 1656ರ ಹೊತ್ತಿಗೆ ಮುಗಿದ ಆ ಕಟ್ಟಡದ ಗುಮ್ಮಟಕ್ಕೆ ಹೊರಗಿನಿಂದ 44 ಮೀಟರ್ ವ್ಯಾಸವಿದೆ. ಆದರೂ ನುಣುಪಾದ ಗುಮ್ಮಟ ತನ್ನ ಅಳತೆಯನ್ನು ತಾನೇ ಹೇಳಿಕೊಳ್ಳುವುದಿಲ್ಲ. ಹತ್ತಿರ ಹೋಗಿ, ನಾಲ್ಕು ಮೂಲೆಗಳಲ್ಲಿರುವ ಏಳಂತಸ್ತಿನ ಮಿನಾರುಗಳನ್ನು, ಅಂತಸ್ತು ಅಂತಸ್ತಿಗೂ ತೆರೆದ ಕಮಾನುಗಳನ್ನು, ಆ ಒಂದು ಕಮಾನಿನಲ್ಲಿ ನಿಂತ ಮನುಷ್ಯನನ್ನು ಕಂಡಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಸಣ್ಣದನ್ನು ಕಂಡ ಮೇಲೆಯೇ ನಮಗೆ ದೊಡ್ಡದು ದೊಡ್ಡದೆನಿಸುವುದು.

ಎಲ್ಲರಿಗೂ ಗೊತ್ತಿರುವ ಈ ಅನುಭವದ ಮೇಲೆ ಕಳೆದ ಶತಮಾನದ ಒಂದು ವಿಚಿತ್ರ ಕಸುಬು ನಿಂತಿತ್ತು. ಅದು ವಿಜ್ಞಾನ ಕಥೆಯ ಚಲನಚಿತ್ರಗಳಿಗೆ ಬೇಕಾದ ವ್ಯೋಮನೌಕೆಗಳ ಮಾದರಿ ಕಟ್ಟುವ ಕಸುಬು. ತೆರೆಯ ಮೇಲೆ ಒಂದೂವರೆ ಕಿಲೋಮೀಟರ್ ಉದ್ದದ್ದೆಂದು ನಾವು ನಂಬಿದ ನೌಕೆ ನಿಜದಲ್ಲಿ ಒಂದು ಮೇಜಿನ ಮೇಲೆ ಹಿಡಿಸುವಷ್ಟಿತ್ತು. ಅದರ ಮೈಮೇಲೆ ಅಂಟಿಸಿದ್ದು ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಟ್ಯಾಂಕು, ವಿಮಾನಗಳ ಬಿಡಿಭಾಗಗಳನ್ನು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಕಿಟ್‌ಬ್ಯಾಶಿಂಗ್’ ಎಂಬ ಹೆಸರಿದೆ. ಒಂದು ಆಟಿಕೆಯ ಪೆಟ್ಟಿಗೆಯನ್ನು ಒಡೆದು ಅದರ ಭಾಗಗಳಿಂದ ಬೇರೆಯೇ ಒಂದನ್ನು ಕಟ್ಟುವುದು ಎಂದು ಇದರ ತಾತ್ಪರ್ಯ.

ನುಣುಪು ನೌಕೆಗಳ ಕಾಲ

ಮೊದಮೊದಲು ಚಿತ್ರಗಳ ವ್ಯೋಮನೌಕೆಗಳು ಹೀಗಿರಲಿಲ್ಲ. ಅವು ಮೀನಿನಂತೆ, ಸಿಗಾರಿನಂತೆ ನುಣುಪಾಗಿದ್ದವು. 1964ರಲ್ಲಿ ‘ಸ್ಟಾರ್ ಟ್ರೆಕ್’ ದೂರದರ್ಶನ ಮಾಲಿಕೆಗಾಗಿ ಕಟ್ಟಿದ ‘ಎಂಟರ್‌ಪ್ರೈಸ್’ ನೌಕೆಯ ದೊಡ್ಡ ಮಾದರಿ ಸುಮಾರು 11 ಅಡಿ ಉದ್ದವಿತ್ತು. ಅದರ ಮೈಯೂ ಬಹುಮಟ್ಟಿಗೆ ಸಪಾಟೇ. ವೇಗವಾಗಿ ಹೋಗುವ ವಸ್ತು ಗಾಳಿಯನ್ನು ಸೀಳುವಂತಿರಬೇಕು ಎಂಬ ನೆಲದ ಮೇಲಿನ ತಿಳಿವಳಿಕೆ ಇಂಥ ರೂಪಗಳ ಹಿಂದಿತ್ತು.

ಆದರೆ ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ. 1969ರಲ್ಲಿ ಚಂದ್ರನ ಮೇಲೆ ಇಳಿದ ನೌಕೆ ನಾಲ್ಕು ಕಾಲಿನ ಹುಳದಂತಿತ್ತು. ನಮ್ಮವರೇ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿ ಕಡೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದ ‘ಆರ್ಯಭಟ’ವನ್ನೇ ನೆನೆಯಿರಿ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ಕಂಡವರು ಬಹಳ ಮಂದಿ. 360 ಕಿಲೋ ತೂಕದ, 26 ಮುಖಗಳ ಆ ಉಪಗ್ರಹದಲ್ಲಿ ಚೆಂದಕ್ಕೆಂದು ಇಟ್ಟದ್ದು ಯಾವುದೂ ಇರಲಿಲ್ಲ. ಬಿಸಿಲಿನಿಂದ ವಿದ್ಯುತ್ತು ಪಡೆಯಲು ಮುಖಗಳ ಮೇಲೆ ಸೌರಕೋಶಗಳು, ಸಂದೇಶ ಕಳಿಸಲು ಚಾಚಿದ ಆಂಟೆನಾಗಳು ಹೀಗೆ ಮೈಮೇಲಿನ ಒಂದೊಂದಕ್ಕೂ ಒಂದೊಂದು ಕೆಲಸವಿತ್ತು. ನಿಜವಾದ ಯಂತ್ರದ ಹೊರಮೈ ಅದರ ಒಳಗಿನ ಕೆಲಸವನ್ನು ಹೇಳುತ್ತದೆ. ಚಿತ್ರಗಳ ಮಾದರಿಗಾರರು ಕಂಡುಕೊಂಡದ್ದು ಇದನ್ನೇ. ಹೊರಮೈಯಲ್ಲಿ ಕೆಲಸದ ಗುರುತು ಕಂಡರೆ ಸಾಕು, ಒಳಗೆ ಯಂತ್ರವಿದೆಯೆಂದು ನೋಡುವವರು ನಂಬುತ್ತಾರೆ.

ನಿಂಬೆಹಣ್ಣು ಹಿಂಡುವ ಸಾಧನ

ಈ ಉಪಾಯ ಬೆಳೆದ ಮುಖ್ಯ ನೆಲೆಗಳಲ್ಲಿ ಇಂಗ್ಲೆಂಡ್ ಒಂದು. ಲಂಡನ್ ಬಳಿಯ ಸ್ಲೌ ಪಟ್ಟಣದಲ್ಲಿ ಗೆರಿ ಆಂಡರ್ಸನ್ ಅವರ ತಂಡ ‘ಥಂಡರ್‌ಬರ್ಡ್ಸ್’ ಎಂಬ ಬೊಂಬೆಯಾಟದ ಮಾಲಿಕೆಯನ್ನು ತಯಾರಿಸಿತು. ಅದು 1965ರಲ್ಲಿ ಪ್ರಸಾರವಾಯಿತು. ಅದರ ಯಂತ್ರಗಳ ಜವಾಬ್ದಾರಿ ಹೊತ್ತ ಡೆರೆಕ್ ಮೆಡಿಂಗ್ಸ್ ಮತ್ತು ಸಂಗಡಿಗರು ಅಂಗಡಿಯಲ್ಲಿ ಸಿಗುವ ಆಟಿಕೆ ಕಿಟ್‌ಗಳ ತುಣುಕುಗಳನ್ನು ಧಾರಾಳವಾಗಿ ಬಳಸಿದರು. ಒಂದು ರಾಕೆಟ್ಟಿನ ಉಡಾವಣಾ ಕೋಣೆಯ ಗೋಡೆಗೆ ನಿಂಬೆಹಣ್ಣು ಹಿಂಡುವ ಪ್ಲಾಸ್ಟಿಕ್ ಸಾಧನವನ್ನೇ ಅಂಟಿಸಿದ್ದರು! ನೋಡಿದವರಿಗೆ ಅದು ಯಾವುದೋ ಭಾರಿ ಯಂತ್ರದ ಭಾಗವೆನಿಸಿತು.

ಕಿಟ್ ಎಂದರೇನೆಂದು ಇಲ್ಲಿ ಹೇಳಬೇಕು. ನಿಜವಾದ ಟ್ಯಾಂಕು, ವಿಮಾನ, ಹಡಗುಗಳನ್ನು ಅಳತೆ ತಪ್ಪದಂತೆ ಕಿರಿದುಗೊಳಿಸಿ, ಭಾಗ ಭಾಗವಾಗಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಒಂದು ಚೌಕಟ್ಟಿಗೆ ಅಂಟಿಕೊಂಡಂತೆ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಕೊಂಡವರು ಭಾಗಗಳನ್ನು ಬಿಡಿಸಿ ಅಂಟಿಸಿಕೊಳ್ಳಬೇಕು. ಇಂಗ್ಲೆಂಡಿನ ಏರ್‌ಫಿಕ್ಸ್, ಅಮೆರಿಕದ ರೆವೆಲ್, ಜಪಾನಿನ ತಾಮಿಯಾ ಕಂಪನಿಗಳು ಇದಕ್ಕೆ ಹೆಸರಾದವು. ಎರಡನೆಯ ಮಹಾಯುದ್ಧದ ಯಂತ್ರಗಳ ಕಿಟ್‌ಗಳಿಗೆ ಬೇಡಿಕೆ ಹೆಚ್ಚಿತ್ತು. ಟ್ಯಾಂಕಿನ ಎಂಜಿನ್ನಿನ ಮೇಲಿನ ಜಾಲರಿ, ಗಾಲಿ, ತಿರುಪು, ಮುಚ್ಚಳ ಇವೆಲ್ಲವನ್ನೂ ಯಾರೋ ಎಂಜಿನಿಯರ್ ಒಂದು ಕಾಲದಲ್ಲಿ ಕೆಲಸಕ್ಕಾಗಿಯೇ ರೂಪಿಸಿದ್ದ. ಆ ತುಣುಕನ್ನು ಕಿತ್ತು ಕಲ್ಪನೆಯ ನೌಕೆಗೆ ಅಂಟಿಸಿದರೆ ನಿಜದ ಕಳೆಯೂ ಅದರೊಡನೆ ಬರುತ್ತದೆ. ಸುಳ್ಳನ್ನು ನಂಬಿಸಲು ನಿಜದ ಚೂರುಗಳನ್ನು ಸೇರಿಸಿದಂತೆ ಇದು.

1968ರಲ್ಲಿ ತೆರೆಕಂಡ ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಈ ಕಸುಬನ್ನು ಎತ್ತರಕ್ಕೇರಿಸಿತು. ಅದರ ‘ಡಿಸ್ಕವರಿ’ ನೌಕೆಯ ದೊಡ್ಡ ಮಾದರಿಯ ಉದ್ದ 54 ಅಡಿ. ಬೆನ್ನೆಲುಬಿನಂತಿದ್ದ ಆ ನೌಕೆಯ ಮೈಗೆ ಕಿಟ್ ತುಣುಕುಗಳನ್ನು ಒತ್ತೊತ್ತಾಗಿ ಕೂಡಿಸಲಾಗಿತ್ತು. ಆ ಚಿತ್ರಕ್ಕೆ ದುಡಿದ ಡಗ್ಲಸ್ ಟ್ರಂಬುಲ್ 1972ರಲ್ಲಿ ತಾವೇ ‘ಸೈಲೆಂಟ್ ರನ್ನಿಂಗ್’ ಚಿತ್ರವನ್ನು ನಿರ್ದೇಶಿಸಿದರು. ಅವರ ಬಳಿ ಹಣ ಕಡಿಮೆ ಇತ್ತು. ಗುಜರಿಗೆ ಹೊರಟಿದ್ದ ‘ವ್ಯಾಲಿ ಫೋರ್ಜ್’ ಎಂಬ ಯುದ್ಧನೌಕೆಯ ಒಳಗೇ ಚಿತ್ರೀಕರಣ ಮಾಡಿ, ಅದರ ಹೆಸರನ್ನೇ ಕಥೆಯ ವ್ಯೋಮನೌಕೆಗೂ ಇಟ್ಟರು. ಸುಮಾರು 26 ಅಡಿ ಉದ್ದದ ಮಾದರಿಯನ್ನು ಕಟ್ಟಿದವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. ಅದಕ್ಕೆ ನೂರಾರು ಟ್ಯಾಂಕ್ ಕಿಟ್‌ಗಳು ಬೇಕಾದವು.

ಮೂರಡಿಯ ದೈತ್ಯ

1977ರ ಮೇ 25ರಂದು ಬಿಡುಗಡೆಯಾದ ‘ಸ್ಟಾರ್ ವಾರ್ಸ್’ ಚಿತ್ರದ ಮೊದಲ ದೃಶ್ಯವನ್ನು ಕಂಡವರು ಮರೆಯಲಾರರು. ತ್ರಿಕೋನಾಕಾರದ ಒಂದು ನೌಕೆ ನೋಡುವವರ ತಲೆಯ ಮೇಲಿಂದ ಹಾಯುತ್ತದೆ. ಹಾದಷ್ಟೂ ಮುಗಿಯುವುದೇ ಇಲ್ಲ. ಕಥೆಯ ಪ್ರಕಾರ ಅದರ ಉದ್ದ 1,600 ಮೀಟರ್. ಕ್ಯಾಮರಾದ ಮುಂದಿದ್ದ ಮಾದರಿಯ ಉದ್ದ ಸುಮಾರು ಮೂರಡಿ!

ಇದು ಹೇಗೆ ಸಾಧ್ಯವಾಯಿತು? ಮೊದಲು ಲೋಹ ಅಥವಾ ಮರದ ಗಟ್ಟಿ ಎಲುಬುಗೂಡು ಮಾಡುತ್ತಾರೆ. ಮಾದರಿಯನ್ನು ಯಾವ ಮಗ್ಗುಲಿಗೆ ಬೇಕಾದರೂ ಹಿಡಿದು ನಿಲ್ಲಿಸಬೇಕಾದ್ದರಿಂದ ಕಂಬ ಸಿಕ್ಕಿಸುವ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯ ಚರ್ಮ ಹೊದಿಸಿ, ಹಲಗೆ ಜೋಡಿಸಿದಂತೆ ಗೀರು ಎಳೆಯುತ್ತಾರೆ. ಆಮೇಲೆ ಕಿಟ್ ತುಣುಕುಗಳ ಸರದಿ. ಹಾಲಿವುಡ್ಡಿನ ಮಾದರಿಗಾರರು ಇಂಥ ತುಣುಕುಗಳಿಗೆ ‘ಗ್ರೀಬಲಿ’ ಎಂದು ಹೆಸರಿಟ್ಟರು. ಅರ್ಥವಿಲ್ಲದ ವಸ್ತುವಿಗೆ ಅರ್ಥವಿಲ್ಲದ ಹೆಸರು. ಗಾಲಿಯನ್ನು ಗಾಲಿಯಂತೆ ಅಂಟಿಸಿದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ತಲೆಕೆಳಗು ಮಾಡಿ, ಅರ್ಧಕ್ಕೆ ಕೊಯ್ದು ಕೂಡಿಸುತ್ತಾರೆ. ಎಡಕ್ಕೆ ಇಟ್ಟದ್ದು ಬಲಕ್ಕೂ ಬೇಕು. ಅದಕ್ಕೇ ಒಂದೇ ಕಿಟ್ಟಿನ ಹತ್ತಾರು ಪೆಟ್ಟಿಗೆ ಕೊಳ್ಳುತ್ತಾರೆ, ಇಲ್ಲವೇ ಅಚ್ಚು ತೆಗೆದು ನಕಲು ಹೊಯ್ಯುತ್ತಾರೆ. ಎಲ್ಲೆಡೆಯೂ ತುಂಬಿದರೆ ಕಣ್ಣು ದಣಿಯುತ್ತದೆ. ಒಂದೆಡೆ ದಟ್ಟಣೆ, ಇನ್ನೊಂದೆಡೆ ಬಯಲು ಇರಬೇಕು. ಕೊನೆಗೆ ಎಲ್ಲದರ ಮೇಲೆ ಒಂದೇ ಬೂದು ಬಣ್ಣ ಹೊಡೆದಾಗ ನೂರು ಪೆಟ್ಟಿಗೆಗಳಿಂದ ಬಂದ ಚೂರುಗಳು ಒಂದೇ ಮೈಯಾಗುತ್ತವೆ. ಮೇಲೆ ಒಂದಿಷ್ಟು ಮಸಿ, ತುಕ್ಕು, ಗೀರು ಬಿದ್ದರೆ ನೌಕೆ ಬಳಸಿ ಹಳತಾದಂತೆ ಕಾಣುತ್ತದೆ.

ಛಾಯಾಗ್ರಹಣದ್ದೂ ಒಂದು ಸಮಸ್ಯೆ ಇತ್ತು. ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆದರೆ ಒಂದು ಭಾಗ ಸ್ಪಷ್ಟವಾಗಿ, ಉಳಿದದ್ದು ಮಸುಕಾಗಿ ಬರುತ್ತದೆ. ಮಸುಕು ಕಂಡೊಡನೆ ಇದು ಆಟಿಕೆಯೆಂದು ಕಣ್ಣು ಹೇಳಿಬಿಡುತ್ತದೆ. ಅದನ್ನು ತಪ್ಪಿಸಲು ಮಸೂರದ ಕಿಂಡಿಯನ್ನು ತೀರ ಕಿರಿದುಮಾಡಿ, ಒಂದೊಂದು ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕು ಬೀಳಿಸುತ್ತಿದ್ದರು. ಮೋಟಾರಿನಿಂದ ಓಡುವ ಕ್ಯಾಮರಾ ಹಳಿಯ ಮೇಲೆ ಹುಳುವಿನಂತೆ ತೆವಳುತ್ತಿತ್ತು. 1978ರಲ್ಲಿ ಆ ಚಿತ್ರದ ದೃಶ್ಯ ಚಮತ್ಕಾರಕ್ಕೆ ಆಸ್ಕರ್ ಪಡೆದ ಐವರಲ್ಲಿ ಮಾದರಿ ವಿಭಾಗದ ಮುಖ್ಯಸ್ಥ ಗ್ರಾಂಟ್ ಮೆಕ್‌ಕ್ಯೂನ್ ಕೂಡ ಒಬ್ಬರು.

ಮುಂಬೈಯ ದೀಪಗಳು

ಅದೇ 1977ರ ಇನ್ನೊಂದು ಚಿತ್ರಕ್ಕೂ ನಮ್ಮ ದೇಶಕ್ಕೂ ನಂಟಿದೆ. ಸ್ಟೀವನ್ ಸ್ಪಿಲ್‌ಬರ್ಗ್ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರದ ಒಂದು ದೃಶ್ಯವನ್ನು ಮಹಾರಾಷ್ಟ್ರದ ಖಾಲಾಪುರದ ಬಳಿಯ ಹಾಲ್ ಎಂಬ ಹಳ್ಳಿಯಲ್ಲಿ ತೆಗೆದರು. ಆ ದಿನಗಳಲ್ಲಿ ಮುಂಬೈ ಹೊರವಲಯದ ತೈಲ ಶುದ್ಧೀಕರಣ ಕಾರ್ಖಾನೆಯೊಂದು, ಕೊಳವೆ ಕಟಾಂಜನಗಳ ತುಂಬ ಸಾವಿರಾರು ದೀಪ ಹೊತ್ತು ರಾತ್ರಿಯಲ್ಲಿ ಬೆಳಗುವುದನ್ನು ಅವರು ಕಂಡರು. ಚಿತ್ರದ ಕೊನೆಯಲ್ಲಿ ಇಳಿಯುವ ಮಹಾನೌಕೆಯ ರೂಪಕ್ಕೆ ಅದು ಪ್ರೇರಣೆಯಾಯಿತು. ಗ್ರೆಗ್ ಜೀನ್ ಮತ್ತು ಸಂಗಡಿಗರು ಅದನ್ನು ಕಟ್ಟುವಾಗ ತಮಾಷೆಗೆಂದು ಪುಟ್ಟ ಫೋಕ್ಸ್‌ವ್ಯಾಗನ್ ವ್ಯಾನು, ಅಂಚೆ ಡಬ್ಬಿ, ಒಂದು ಸ್ಮಶಾನ, ‘ಸ್ಟಾರ್ ವಾರ್ಸ್’ ಚಿತ್ರದ ರೋಬೋ ಎಲ್ಲವನ್ನೂ ಅದರಲ್ಲಿ ಅಡಗಿಸಿಟ್ಟರು. ಆ ಮಾದರಿ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದ್ದಾಗಿದೆ.

ಕನ್ನಡ ನಾಡಿನ ಶಿಲ್ಪಿಗಳಿಗೆ ಈ ಗುಟ್ಟು ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವನ್ನು ದಿಟ್ಟಿಸಿ ನೋಡಿ. ಗೋಡೆಯಲ್ಲಿ, ಶಿಖರದಲ್ಲಿ ಪುಟ್ಟ ಪುಟ್ಟ ಗುಡಿಗಳ ಮಾದರಿಗಳಿವೆ. ಕೂಟ, ಶಾಲೆ, ಪಂಜರ ಎಂಬ ಹೆಸರಿನ ಈ ಕಿರುಗುಡಿಗಳನ್ನು ಒಂದರ ಮೇಲೊಂದು ಹೆಣೆದೇ ಇಂಥ ದೇವಾಲಯಗಳು ಮೇಲೇಳುತ್ತವೆ. ಕಟ್ಟಡದ ನಿಜವಾದ ಎತ್ತರಕ್ಕಿಂತ ಅದು ಎತ್ತರವೆನಿಸುವುದಕ್ಕೆ ಈ ಕಿರುಗುಡಿಗಳೂ ಕಾರಣ. ವ್ಯತ್ಯಾಸ ಇಷ್ಟೆ: ಶಿಲ್ಪಿಯ ಕಿರುಗುಡಿಗೆ ಅರ್ಥವಿದೆ, ಹೆಸರಿದೆ; ಮಾದರಿಗಾರನ ತುಣುಕಿಗೆ ರೂಪವಷ್ಟೇ ಇದೆ.

ಉಳಿದದ್ದು, ಅಳಿದದ್ದು

1990ರ ದಶಕದಲ್ಲಿ ಕಂಪ್ಯೂಟರಿನಲ್ಲೇ ನೌಕೆಗಳನ್ನು ಬಿಡಿಸಿ ಓಡಿಸುವ ವಿದ್ಯೆ ಬಲಿತ ಮೇಲೆ ಈ ಕಸುಬು ಕುಗ್ಗಿತು. ಅದಕ್ಕೂ ಮೊದಲೇ ಎಷ್ಟೋ ಮಾದರಿಗಳು ಹಾಳಾಗಿದ್ದವು. ಚಿತ್ರೀಕರಣ ಮುಗಿದರೆ ಅವು ಗೋದಾಮಿನ ಜಾಗ ತಿನ್ನುವ ಸಾಮಾನುಗಳಷ್ಟೆ. ‘ಡಿಸ್ಕವರಿ’ಯ 54 ಅಡಿ ಮಾದರಿ ಉಳಿಯಲಿಲ್ಲ. ಅದೇ ಚಿತ್ರದ ಚಂದ್ರಯಾನದ ‘ಏರೀಸ್’ ನೌಕೆಯ ಮಾದರಿ ಮಾತ್ರ ಹೇಗೋ ಉಳಿದು, 2015ರಲ್ಲಿ ಹರಾಜಿಗೆ ಬಂತು. ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯೇ ಅದನ್ನು 3,44,000 ಡಾಲರ್ ಕೊಟ್ಟು ಕೊಂಡಿತು. ಒಮ್ಮೆ ಕಸವೆನಿಸಿದ್ದು ಮತ್ತೊಮ್ಮೆ ಚರಿತ್ರೆಯ ವಸ್ತುವಾಯಿತು. ಕಸುಬೂ ಪೂರ್ತಿ ಸಾಯಲಿಲ್ಲ. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರಕ್ಕೂ, 2019ರ ‘ದಿ ಮ್ಯಾಂಡಲೋರಿಯನ್’ ಮಾಲಿಕೆಗೂ ಮತ್ತೆ ಕೈಯಿಂದಲೇ ಮಾದರಿ ಕಟ್ಟಿದರು. ಕಂಪ್ಯೂಟರಿನಲ್ಲಿ ನೌಕೆ ರಚಿಸುವವರೂ ಅದರ ಮೈಮೇಲೆ ‘ಗ್ರೀಬಲಿ’ಗಳನ್ನೇ ಕೂಡಿಸುತ್ತಾರೆ. ಕೈ ಕಲಿಸಿದ ಪಾಠವನ್ನು ಯಂತ್ರ ಮುಂದುವರಿಸಿದೆ.

ಹಾಗಾದರೆ ನಮಗೆ ಇದರಿಂದ ಏನು? ಸಾಲೋಟಗಿಯ ಹೆಸರಿನಲ್ಲೇ ಶಾಲೆಯಿದೆ ಎಂದು ವಿದ್ವಾಂಸರು ಹೇಳುತ್ತಾರೆ. 945ರ ಅಲ್ಲಿನ ಕಂಬದ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ ಕೊಟ್ಟ 27 ಮನೆಗಳನ್ನೂ ಹೇಳುತ್ತದೆ. ಭೂಮಿಯ ದತ್ತಿಯ ಜೊತೆಗೆ, ಮದುವೆಗೆ ಇಷ್ಟು, ಮುಂಜಿಗೆ ಇಷ್ಟು ಎಂದು ಊರಿನವರಿಂದ ಬಂದ ಸಣ್ಣ ಸಣ್ಣ ಕಾಣಿಕೆಗಳೂ ಆ ದೊಡ್ಡ ಶಾಲೆಯನ್ನು ನಡೆಸಿದವು. ಇಂದಿಗೂ ಆ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಿಂದ ಎತ್ತುಗಳನ್ನು ಮಾಡುತ್ತಾರೆ. ಜೋಳದ ದಂಟಿನ ಸಿಬಿರು ಸುಲಿದು, ಒಳಗಿನ ಬೆಂಡಿಗೆ ಅದೇ ಸಿಬಿರನ್ನು ಚುಚ್ಚಿ ಬಂಡಿ ಕಟ್ಟುವ ಆಟವನ್ನು ಹಿರಿಯರು ಇನ್ನೂ ಮರೆತಿಲ್ಲ. ಹಾಗೆ ಬಂಡಿ ಕಟ್ಟುವ ಹುಡುಗನಿಗೆ ನಿಜವಾದ ಬಂಡಿಯ ನೊಗ ಎಲ್ಲಿದೆ, ಅಚ್ಚು ಎಲ್ಲಿ ಕೂಡುತ್ತದೆ ಎಂದು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಹೋಗಿ ನೋಡಿ ಬರುತ್ತಾನೆ. ಮಾದರಿ ಕಟ್ಟುವುದರ ನಿಜವಾದ ಲಾಭ ಈ ನೋಡುವಿಕೆಯಲ್ಲಿದೆ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂಗಡಿಯಿಂದ ಸಿದ್ಧ ಮಾದರಿ ತಂದು ಇಡುವುದು ಸುಲಭ. ಆದರೆ ಮುರಿದ ಆಟಿಕೆ, ಪೆನ್ನಿನ ಮುಚ್ಚಳ, ಕೆಟ್ಟ ರೇಡಿಯೊದ ಒಳಭಾಗ, ಒಂದಿಷ್ಟು ರಟ್ಟು, ಒಂದು ಡಬ್ಬಿ ಬೂದು ಬಣ್ಣ ಇಷ್ಟಿದ್ದರೆ ಸಾಲೋಟಗಿಯ ಮಕ್ಕಳೂ ಒಂದು ಮಹಾನೌಕೆಯನ್ನು ಕಟ್ಟಬಹುದು. ಮನೆಯ ಗುಜರಿಯನ್ನು ರದ್ದಿಯವರಿಗೆ ಕೊಡುವ ಮುನ್ನ ಮಕ್ಕಳ ಮುಂದೆ ಒಮ್ಮೆ ಸುರಿದು ನೋಡಿ.