ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ ಕೇಂದ್ರಗಳು



ಬೀಜ, ಗೊಬ್ಬರ, ಕೀಟ ಎಂದು ಯಾವಾಗಲೂ ಹೇಳುವುದು ಇದ್ದೇ ಇದೆ. ಇಂದು ಆ ಮಾತನ್ನೆಲ್ಲ ನಿಮ್ಮ ಕಟ್ಟೆಗೆ ತಂದು ಮುಟ್ಟಿಸಿದ ಪೆಟ್ಟಿಗೆಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ಅದರಲ್ಲೂ ರಾತ್ರಿಯ ರೇಡಿಯೋ. ನಮ್ಮ ಹಾನಗಲ್ಲ ಸೀಮೆಯಲ್ಲಿ ಹೊಲ ಕಾಯಲು ಹೋದವರು, ಪಂಪಸೆಟ್ಟಿಗೆ ಕರೆಂಟು ಯಾವಾಗ ಬಂದೀತೆಂದು ಕೂತವರು ಇದನ್ನು ಬಲ್ಲರು. ಹಗಲೆಲ್ಲ ಧಾರವಾಡ ಒಂದೇ. ಹೊತ್ತು ಮುಳುಗಿತೆಂದರೆ ಮುಳ್ಳು ತಿರುವಿದಲ್ಲೆಲ್ಲ ಒಂದೊಂದು ಊರು.

ಮೊದಲು ಇದರ ಹುಟ್ಟು ನೋಡೋಣ. ಕನ್ನಡ ನಾಡಿನಲ್ಲಿ ರೇಡಿಯೋ ಕೇಂದ್ರ ಶುರುವಾದದ್ದು ೧೯೩೫ನೆಯ ಇಸ್ವಿಯಲ್ಲಿ, ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. ಇಡೀ ದೇಶದ ರೇಡಿಯೋ ಅದನ್ನು ಎತ್ತಿಕೊಂಡದ್ದು ಆಮೇಲೆ. ನಮ್ಮ ಧಾರವಾಡ ಕೇಂದ್ರ ಶುರುವಾದದ್ದು ೧೯೫೦ನೆಯ ಇಸ್ವಿ ಜನೇವರಿ ೮ರಂದು. ಆಗ ಹಾನಗಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯ ಮಾತು ಬಂದದ್ದು ೧೯೯೭ರಲ್ಲಿ. ಬೆಂಗಳೂರು ಕೇಂದ್ರ ೧೯೫೫ರ ನವೆಂಬರದಲ್ಲಿ ಬಂತು.

ಆ ಕಾಲದ ರೇಡಿಯೋ ಎಂದರೆ ವಾಲ್ವಿನದು. ಗುಂಡಿ ತಿರುವಿದರೆ ಕಾಯಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಮಾತು. ಮನೆಯ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ತಂತಿಯ ಜಾಳಿಗೆಯ ಏರಿಯಲ್ಲು. ಪೋಸ್ಟಿನಲ್ಲಿ ವರ್ಷಕ್ಕೆ ೧೫ ರೂಪಾಯಿ ಲೈಸೆನ್ಸು ಕಟ್ಟುವ ಕಾಲವೂ ಒಂದಿತ್ತು. ಎಷ್ಟು ಜನ ಕಟ್ಟುತ್ತಿದ್ದರು ಎಂದು ಮಾತ್ರ ಕೇಳಬ್ಯಾಡ್ರಿ.

ಇನ್ನು ರಾತ್ರಿಯ ಗುಟ್ಟು. ಹಗಲು ಬಿಸಿಲಿಗೆ ಆಕಾಶದಲ್ಲಿ ೬೦ರಿಂದ ೯೦ ಕಿಲೋಮೀಟರ್ ಎತ್ತರಕ್ಕೆ ಒಂದು ಪದರ ಕಟ್ಟುತ್ತದೆ. ಬಿರಿದ ಎರಿ ಭೂಮಿ ಮೊದಲ ಮಳೆ ಕುಡಿದಂತೆ, ಮೀಡಿಯಂ ವೇವಿನಲ್ಲಿ ಮೇಲೆ ಹೋದದ್ದನ್ನೆಲ್ಲ ಅದು ಕುಡಿದುಬಿಡುತ್ತದೆ. ಆದ್ದರಿಂದ ಹಗಲಿನಲ್ಲಿ ನೆಲ ಹಿಡಿದು ಬಂದಷ್ಟೇ ನಮಗೆ. ಹೊತ್ತು ಮುಳುಗಿದೊಡನೆ ಆ ಪದರ ಕರಗುತ್ತದೆ. ಅದರ ಮೇಲೆ, ನೂರು ಕಿಲೋಮೀಟರಿನಾಚೆ ಇರುವ ಪದರಗಳಿಗೆ ಅಲೆ ಬಡಿದು ತಿರುಗಿ ನೆಲಕ್ಕೆ ಬರುತ್ತದೆ, ನೂರಾರು ಕಿಲೋಮೀಟರ್ ದೂರ ಬಂದು ಬೀಳುತ್ತದೆ. ಇಂಥ ಪದರ ಇರಬೇಕೆಂದು ೧೯೦೨ರಲ್ಲೇ ಕೆನೆಲಿ, ಹೆವಿಸೈಡ್ ಎಂಬಿಬ್ಬರು ಬೇರೆ ಬೇರೆಯಾಗಿ ಹೇಳಿದ್ದರು. ೧೯೨೪ರಲ್ಲಿ ಆಪಲ್ಟನ್ ಎಂಬವರು ಪ್ರಯೋಗ ಮಾಡಿ ತೋರಿಸಿದರು. ಬೆಂಗಳೂರಿನಂಥ ನಡುವಿನ ದೂರದ ಕೇಂದ್ರ ರಾತ್ರಿ ಏರಿಳಿಯುತ್ತಿದ್ದುದಕ್ಕೆ ಕಾರಣವೂ ಇದೇ: ಒಂದೇ ಹಾಡು ಒಂದಕ್ಕಿಂತ ಹೆಚ್ಚು ದಾರಿಯಿಂದ ಬರುತ್ತದೆ, ಬಂದಲ್ಲಿ ಒಮ್ಮೆ ಕೂಡುತ್ತದೆ, ಒಮ್ಮೆ ಒಂದನ್ನೊಂದು ಕೆಡಿಸುತ್ತದೆ. ನಮ್ಮ ಹಿರಿಯರು ಇದನ್ನು 'ಗಾಳಿಗೆ ಹೋತು' ಅನ್ನುತ್ತಿದ್ದರು.

ಹಿರಿಯರ ಬಾಯಲ್ಲಿ ಸಿಲೋನಿನ ಹೆಸರು ಇನ್ನೂ ಇದೆ. ಹಾನಗಲ್ಲಿನಿಂದ ಕೊಲಂಬೊ ನೆಟ್ಟಗೆ ಸುಮಾರು ೧೦೦೦ ಕಿಲೋಮೀಟರ್. ಅದು ಶಾರ್ಟ್ ವೇವಿನಲ್ಲಿ ಬರುತ್ತಿತ್ತು, ಇನ್ನೂ ಮೇಲಿನ ಪದರದಿಂದ ತಿರುಗಿ. ೧೯೫೨ರಲ್ಲಿ ಕೇಸಕರ ಅವರು ಪ್ರಸಾರ ಮಂತ್ರಿಗಳಾದರು. ಆಕಾಶವಾಣಿಯಲ್ಲಿ ಸಿನೇಮಾ ಹಾಡಿಗೆ ಕಡಿವಾಣ ಬಿತ್ತು. ಅದೇ ವರ್ಷ ಸಿಲೋನಿನಿಂದ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಶುರು! ಮಂದಿ ಮುಳ್ಳು ತಿರುವದೆ ಇನ್ನೇನು ಮಾಡಿಯಾರು? ೧೯೫೭ರ ಅಕ್ಟೋಬರ ೩ರಂದು ವಿವಿಧ ಭಾರತಿ ತೆಗೆದರು, ಆದರೆ ಅಷ್ಟರಲ್ಲಿ ಸಿಲೋನು ಮನೆಯ ನೆಂಟನಾಗಿತ್ತು. ಹೊಲಕ್ಕೆ ರೇಡಿಯೋ ಬಂದದ್ದು ಟ್ರಾನ್ಸಿಸ್ಟರ್ ಬಂದ ಮೇಲೆ. ೧೯೬೦ರ ದಶಕದಿಂದ ಮುಂದೆ ಅದು ಊರೂರಿಗೆ ಹಬ್ಬಿತು; ಎತ್ತಿನ ಕೊಂಬಿಗೆ ನೇತುಹಾಕಿ ಗಳೆ ಹೊಡೆದವರನ್ನು ಕಂಡವರಿದ್ದಾರೆ.

ಇನ್ನೊಂದು ಮಾತು ನಿಮಗೆ ಹಿಡಿಸೀತು. ಕೇಂದ್ರಗಳು ಹೆಚ್ಚಿದಂತೆ ರಾತ್ರಿ ಒಂದರ ಮೇಲೊಂದು ಬೀಳತೊಡಗಿದವು. ೧೯೭೫ರಲ್ಲಿ ಜಿನೀವಾದಲ್ಲಿ ದೇಶಗಳು ಕೂತು ಒಪ್ಪಂದ ಮಾಡಿದವು: ನಮ್ಮ ಕಡೆಯ ಕೇಂದ್ರಗಳ ನಡುವೆ ೯ ಕಿಲೋಹರ್ಟ್ಸ್ ಅಂತರ ಇರತಕ್ಕದ್ದು. ಕೂರಿಗೆಯ ಸಾಲಿನ ಲೆಕ್ಕವೇ ನೋಡ್ರಿ. ಧಾರವಾಡದ ೭೬೫, ಬೆಂಗಳೂರಿನ ೬೧೨, ನಾಗಪುರದ ೧೫೬೬, ಯಾವುದನ್ನಾದರೂ ಒಂಬತ್ತರಿಂದ ಭಾಗಿಸಿರಿ, ಶೇಷ ಉಳಿಯುವುದಿಲ್ಲ.

ನಾಗಪುರ ಎಂದೆನಲ್ಲ, ಅದು ನನ್ನ ಕಾಲದ್ದು. ೧೯೮೮ರ ಮೇ ೧೮ರಂದು ಆಕಾಶವಾಣಿಯ ರಾಷ್ಟ್ರೀಯ ಚಾನೆಲ್ ಅಲ್ಲಿಂದ ಶುರುವಾಯಿತು, ೧೦೦೦ ಕಿಲೋವ್ಯಾಟ್ ಶಕ್ತಿಯದು, ರಾತ್ರಿಯ ಕೆಲಸದವರಿಗೆ. ಸುಮಾರು ೮೦೦ ಕಿಲೋಮೀಟರ್ ದೂರದಿಂದ ನಮ್ಮ ಹೊಲದ ಅಟ್ಟಣಿಗೆಗೆ ಬರುತ್ತಿತ್ತು.

೨೦೦೩ರಲ್ಲಿ ನನಗೆ ಹದಿಮೂರು ವರ್ಷ. ಗೋವಿನಜೋಳ ಹಾಲುಗಾಳಿಗೆ ಬಂದಿತ್ತು, ಹಂದಿಯ ಕಾಟ. ಅಜ್ಜನಿಗೆ ಜ್ವರ, ಅಪ್ಪ ಊರಲ್ಲಿರಲಿಲ್ಲ. 'ತಮ್ಮಾ, ರೇಡಿಯೋ ದೊಡ್ಡದಾಗಿ ಹಚ್ಚಿಡು, ಮನಷ್ಯಾ ಅದಾನ ಅಂತ ಹಂದಿ ಹತ್ತರ ಬರಂಗಿಲ್ಲ' ಎಂದು ಅಜ್ಜ ಹೇಳಿ ಕಳಿಸಿದ. ನಾಗಪುರ ಹಚ್ಚಿದೆ. ಹಿಂದಿ ಹಾಡು, ನಡುನಡುವೆ ವಾರ್ತೆ, ಅರ್ಧ ತಿಳಿಯದು. ಆದರೂ ಆ ಕತ್ತಲಲ್ಲಿ ಎಲ್ಲಿಯೋ ಒಬ್ಬರು ನನ್ನಂತೆಯೇ ಎಚ್ಚರ ಇದ್ದಾರೆ ಎಂಬುದೇ ದೊಡ್ಡ ಧೈರ್ಯ. ಹಿಂದಿನ ರಾತ್ರಿಗಳಲ್ಲಿ ಚಾದರದೊಳಗೆ ಕದ್ದು ಕೇಳಿ ಶೆಲ್ಲು ಮುಗಿಸಿದ್ದೆ, ಅದನ್ನು ಹೇಳಿರಲಿಲ್ಲ. ನಿದ್ದೆ ಹತ್ತಿತು, ಯಾವಾಗಲೋ ರೇಡಿಯೋ ನಿಂತಿತು. ಬೆಳಗ್ಗೆ ನೋಡಿದರೆ ಹಳ್ಳದ ಕಡೆಯ ಹತ್ತು ಗುಂಟೆ ಮಲಗಿಬಿಟ್ಟಿತ್ತು. ಅಜ್ಜ ಬಂದು ತೆನೆ ಎತ್ತಿ ನೋಡಿದ, ಬೈಯಲಿಲ್ಲ. 'ಶೆಲ್ಲು ಮುಗದಾವ ಅಂತ ಹೇಳಬಾರದೇನೋ?' ಎಂದ ಅಷ್ಟೆ. ಆ ವರ್ಷ ನನ್ನ ಶಾಲೆಯ ಅರಿವೆಗೆ ತೆಗೆದಿಟ್ಟದ್ದು ಸಾಲದವರಿಗೆ ಹೋಯಿತು.

ರಾಷ್ಟ್ರೀಯ ಚಾನೆಲ್ ೨೦೧೯ರ ಜನೇವರಿಯಲ್ಲಿ ನಿಂತಿತು. ಖರ್ಚಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ರಾತ್ರಿ ಮೋಟರು ಹಚ್ಚುವವನಿಗೆ ಇಂದು ಕೈಯಲ್ಲಿ ಮೊಬೈಲು ಇದೆ, ಆದರೆ ಹಳ್ಳದ ತಗ್ಗಿನಲ್ಲಿ ಅದಕ್ಕೆ ಸಿಗ್ನಲ್ಲು ಇರುವುದಿಲ್ಲ.

ನಮ್ಮ ಮನೆಯ ಆ ರೇಡಿಯೋ ಇನ್ನೂ ಇದೆ. ಹಚ್ಚಿದರೆ ಮನೆಯೊಳಗೆ ಬರೇ ಗರಗರ. ಎಲ್‌ಇಡಿ ಬಲ್ಬು, ಚಾರ್ಜರು ಇವುಗಳೊಳಗಿನ ಸರ್ಕಿಟ್ಟು ಮೀಡಿಯಂ ವೇವನ್ನು ಕೆಡಿಸುತ್ತದೆ. ನಿಮ್ಮಲ್ಲೂ ಹಳೆಯದೊಂದು ಇದ್ದರೆ ಬಲ್ಬು ಆರಿಸಿ, ಇಲ್ಲವೆ ಕಣದ ನಡುವೆ ಒಯ್ದು ಹಚ್ಚಿರಿ. ಪೆಟ್ಟಿಗೆಯೊಳಗೆ ಏರಿಯಲ್ಲಿನ ಕರಿ ಕಡ್ಡಿ ಅಡ್ಡವಾಗಿ ಮಲಗಿರುತ್ತದೆ. ಅದರ ತುದಿ ಕೇಂದ್ರದ ಕಡೆಗೆ ಬಂದರೆ ಮಾತು ಸಣ್ಣಗಾಗುತ್ತದೆ, ಮಗ್ಗಲು ಬಂದರೆ ಏರುತ್ತದೆ. ಕೈಯಲ್ಲಿ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿ ನೋಡಿರಿ, ಹೊತ್ತು ಮುಳುಗಿದ ಮೇಲೆ.