ಬಾಳೆಹಣ್ಣಿನ ರಾಶಿಯೂ ಗಣಿತಪಾಠವೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಬಡ್ಡಿ, ಚಿನ್ನದ ಬೆರಕೆ, ಧಾನ್ಯದ ರಾಶಿ ಎಲ್ಲವೂ ಅದರಲ್ಲಿ ಲೆಕ್ಕಗಳಾಗಿವೆ.

ಒಂದನ್ನು ನೋಡೋಣ. ಕಾಡಿನಂಚಿನಲ್ಲಿ ಬಾಳೆಹಣ್ಣಿನ 63 ಸಮರಾಶಿಗಳು, ಜೊತೆಗೆ 7 ಬಿಡಿಹಣ್ಣುಗಳು. 23 ದಾರಿಹೋಕರು ಶೇಷವುಳಿಯದಂತೆ ಸಮನಾಗಿ ಹಂಚಿಕೊಂಡರು. ರಾಶಿಗೆ ಹಣ್ಣೆಷ್ಟು?

ಆಚಾರ್ಯರೂ ಸೂತ್ರವನ್ನೇ ಮೊದಲು ಹೇಳುತ್ತಾರೆ, ನಿಜ. ಆದರೆ ಸೂತ್ರವರಿಯದ ಪ್ರೌಢಶಾಲೆಯ ಬಾಲಕನೂ ಹುಣಿಸೆಬೀಜಗಳನ್ನು ಹರವಿಕೊಂಡು ಇದನ್ನು ಶೋಧಿಸಬಲ್ಲನು. ಯಾರಿಗೂ ಕಡಿಮೆಯಾಗಬಾರದೆಂಬ ನಿಯಮವೇ ಅವನಿಗೆ ದಾರಿ ತೋರುತ್ತದೆ. ರಾಶಿಗೆ 5 ಆದರೆ ಒಟ್ಟು 322, ತಲೆಗೆ 14. ಉತ್ತರ ಸಿಕ್ಕಿತೆಂದು ಬೀಜಗಳನ್ನು ಎತ್ತಿಡುವಂತಿಲ್ಲ: ರಾಶಿಗೆ 28 ಎಂದರೂ ಸರಿಯೇ, ಆಗ ತಲೆಗೆ 77. ಹೀಗೆ 23ನ್ನು ಕೂಡಿಸುತ್ತ ಹೋದಂತೆ ಉತ್ತರಗಳು ಬರುತ್ತಲೇ ಇರುತ್ತವೆ.

ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.